ಮುಳ್ಳುಬೇಲಿಯ ಬಿಳಿ ಹೂ

ಮೊನ್ನೆ ಸಂಜೆ ಒಂದು ಜಪಾನೀ ಹಾಡಿನ ಧ್ವನಿಮುದ್ರಿಕೆಯನ್ನು ಹಾಕಿಕೊಂಡು ಕುಳಿತಿದ್ದೆ. ಒಳಗೆ ಹೂ ಕಟ್ಟುತ್ತಿದ್ದ ನಮ್ಮ ಸೋದರತ್ತೆಯವರು, "ಮೋಹನ ಹಾಡುತ್ತಿರುವುದು ಯಾರಪ್ಪಾ?" ಎಂದು ಕೇಳಿದರು. ಭಾಷೆ ಕಿವಿಗೆ ಬಿದ್ದಮೇಲೆ ತಾವೇ ನಕ್ಕರು. ಆದರೆ ಅವರೆಂದುದು ತಪ್ಪಲ್ಲ. ಮಧ್ಯಮ ನಿಷಾದಗಳನ್ನು ಬಿಟ್ಟ ಆ ಐದು ಸ್ವರಗಳು ಮೋಹನದವೇ, ಗಮಕವೊಂದಿಲ್ಲ, ಅಷ್ಟೆ. ಹಾಡಿನ ಹೆಸರು ‘ಅಕತೊಂಬೊ’. ನಮ್ಮ ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಅಟ್ಟಿಸಿಕೊಂಡು ಹೋಗುವ ಹುಳುವಿನ ಕೆಂಪು ಜಾತಿ. ಮಿಕಿ ರೋಫು ಎಂಬ ಕವಿಯ ಪದ್ಯಕ್ಕೆ 1927ರಲ್ಲಿ ಸ್ವರ ಹಾಕಿದವರು ಕೋಸಾಕು ಯಮಾದಾ.

ಯಮಾದಾ ಹುಟ್ಟಿದುದು 1886ರಲ್ಲಿ, ಟೋಕಿಯೋದಲ್ಲಿ. ಹತ್ತರ ಸುಮಾರಿನಲ್ಲಿ ತಂದೆ ತೀರಿಕೊಂಡರು. ಹುಡುಗ ಹಗಲು ಅಚ್ಚುಕೂಟದಲ್ಲಿ ದುಡಿದು ರಾತ್ರಿ ಓದಬೇಕಾಯಿತು. ಹಿರಿಯ ಕೆಲಸಗಾರರು ಹೊಡೆದಾಗ ಅವನು ಓಡಿಹೋಗಿ ಅಳುತ್ತಿದ್ದುದು ಬೇಲಿಯ ಮರೆಯಲ್ಲಿ. ಅದು ‘ಕರಾತಾಚಿ’ ಎಂಬ, ನಿಂಬೆಯ ಬಳಗದ ಮುಳ್ಳುಗಿಡದ ಬೇಲಿ. ಹೂ ಬಿಳುಪು, ಕಾಯಿ ಬಾಯಿಗಿಡಲಾಗದಷ್ಟು ಹುಳಿ. ಹಸಿವಾದಾಗ ಅದನ್ನೂ ತಿಂದದ್ದುಂಟಂತೆ.

ಈ ಹುಡುಗನೇ 1910ರಲ್ಲಿ ಬರ್ಲಿನ್ನಿಗೆ ಹೋಗಿ, ಮ್ಯಾಕ್ಸ್ ಬ್ರುಖ್ ಮೊದಲಾದವರು ಕಲಿಸುತ್ತಿದ್ದ ಸಂಗೀತಶಾಲೆಯಲ್ಲಿ ಓದಿ, 1912ರಲ್ಲಿ ಒಂದು ಸಿಂಫನಿ ಬರೆದ. ಜಪಾನೀಯರೊಬ್ಬರು ಬರೆದ ಮೊದಲ ಸಿಂಫನಿ ಅದು. ತಾಯ್ನಾಡಿಗೆ ಮರಳಿ ವಾದ್ಯವೃಂದ ಕಟ್ಟಿದ್ದು, 1918ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಭವನದಲ್ಲಿ ತಮ್ಮ ಕೃತಿಗಳನ್ನು ತಾವೇ ನಿರ್ದೇಶಿಸಿದ್ದು, 1940ರಲ್ಲಿ ‘ಕುರೋಫುನೆ’ ಎಂಬ ಗೀತನಾಟಕ ರಂಗವೇರಿದ್ದು, ಇವೆಲ್ಲ ದೊಡ್ಡ ಕೆಲಸಗಳೇ. ಆದರೆ ನನ್ನ ಮನಸ್ಸು ನಿಲ್ಲುವುದು ಅವರ ಪುಟ್ಟ ಹಾಡುಗಳಲ್ಲಿ.

ಜಪಾನೀ ಮಾತಿನಲ್ಲಿ ಅಕ್ಷರಗಳಿಗೆ ಏರುದನಿ ಇಳಿದನಿಗಳುಂಟು. ಟೋಕಿಯೋದ ಮಾತಿನಲ್ಲಿ ‘ಹಶಿ’ ಎಂಬುದರ ಮೊದಲಕ್ಷರ ಏರಿದರೆ ಊಟದ ಕಡ್ಡಿ, ಎರಡನೆಯದು ಏರಿದರೆ ಸೇತುವೆ. ರಾಗ ಈ ಏರಿಳಿತವನ್ನು ಕೆಡಿಸಬಾರದೆಂಬುದು ಯಮಾದಾ ಅವರ ಹಟ. ‘ಅಕತೊಂಬೊ’ದಲ್ಲಿ ಅವರೇ ತಪ್ಪಿದರೆಂದು ಕೆಲವರು ಆಕ್ಷೇಪಿಸಿದರು, ‘ಅ’ಕಾರ ಮೇಲಿದೆಯೆಂದು. ಹಳೆಯ ಟೋಕಿಯೋದಲ್ಲಿ ಜನ ಹಾಗೆಯೇ ನುಡಿಯುತ್ತಿದ್ದರು! ಬಾಲ್ಯದಲ್ಲಿ ಕೇಳಿದ ಊರಮಾತು ಆ ಸ್ವರದಲ್ಲಿ ಉಳಿದಿತ್ತು.

ಬೇಲಿಯ ಕಥೆಯನ್ನು ಕೇಳಿದ ಗೆಳೆಯ, ಕವಿ ಕಿತಾಹಾರಾ ಹಕುಶು, ಅದನ್ನೇ ಪದ್ಯ ಮಾಡಿದರು. 1925ರಲ್ಲಿ ಯಮಾದಾ ಅದಕ್ಕೆ ಸ್ವರ ಹಾಕಿದಾಗ, ಮಾತು ನಡೆದಂತೆ ತಾಳವೂ ಮೂರಕ್ಕೊಮ್ಮೆ, ಎರಡಕ್ಕೊಮ್ಮೆ ಹೊರಳಿತು.

ವಿನೋದಪ್ರಿಯರು. ನೆತ್ತಿ ಬೋಳಾಗಲು, 1930ರಲ್ಲಿ ತಮ್ಮ ಹೆಸರಿನ ಲಿಪಿಯ ಮೇಲೆ ಬಿದಿರಿನ ಚಿಹ್ನೆಯನ್ನು ಸೇರಿಸಿಕೊಂಡರು. ನೋಡಲು ಅದು ‘ಕೆ’, ‘ಕೆ’ ಎಂಬ ಎರಡಕ್ಷರ. ‘ಕೆ’ ಎಂದರೆ ಕೂದಲು!

ಇಷ್ಟು ಹೇಳಿ ನಿಲ್ಲಿಸಿದರೆ ಪಕ್ಷಪಾತವಾದೀತು. ಯುದ್ಧಕಾಲದಲ್ಲಿ ಸರ್ಕಾರದ ಪರವಾದ ಸಂಗೀತದಳಕ್ಕೆ ಮುಖ್ಯಸ್ಥರಾಗಿದ್ದವರೂ ಇವರೇ. 1945ರ ಕೊನೆಯಲ್ಲಿ ವಿಮರ್ಶಕರೊಬ್ಬರು ಪತ್ರಿಕೆಯಲ್ಲಿ ಅದನ್ನೆತ್ತಿ ಆಪಾದಿಸಿದರು. ಬೇಲಿಯ ಮರೆಯಲ್ಲಿ ಅತ್ತವನು ದಂಡಿನ ಹಿಂದೆ ಹೇಗೆ ನಡೆದನೆಂಬುದು ನನಗೆ ಬಗೆಹರಿದಿಲ್ಲ. ಹಾಡು ಇಂಪಾಗಿದೆಯೆಂದು ಆ ಪ್ರಶ್ನೆಯನ್ನು ಬಿಡಲೂ ಆಗದು. ಅದೇ ವರ್ಷ ವಿಮಾನದಾಳಿಯಲ್ಲಿ ಅವರ ಹಸ್ತಪ್ರತಿಗಳು ಬಹುಪಾಲು ಉರಿದುಹೋಗಿದ್ದವು. 1948ರಲ್ಲಿ ಪಾರ್ಶ್ವವಾಯು ಬಡಿಯಿತು. 1956ರಲ್ಲಿ ಸರ್ಕಾರದ ಸಂಸ್ಕೃತಿ ಪದಕ ಬಂತು. 1965ರ ಡಿಸೆಂಬರಿನಲ್ಲಿ ತೀರಿಕೊಂಡರು.

ಹಾಡಿನ ಅರ್ಥವೇನೆಂದು ಅತ್ತೆಯವರು ಕೇಳಿದರು. ಹೇಳಿದೆ: ಮಗುವೊಂದು ಆಳುಹುಡುಗಿಯ ಬೆನ್ನ ಮೇಲಿಂದ ಸಂಜೆಗೆಂಪಿನಲ್ಲಿ ಆ ಹುಳುಗಳನ್ನು ಕಂಡಿತ್ತು, ಹುಡುಗಿ ಹದಿನೈದಕ್ಕೆ ಮದುವೆಯಾಗಿ ಹೋದಳು, ಆಮೇಲೆ ಊರಿನಿಂದ ಕಾಗದವೂ ಬರದಾಯಿತು.

"ಹದಿನೈದಕ್ಕೇ?" ಎಂದರು. ಸ್ವಲ್ಪ ಹೊತ್ತು ಹೂ ಕಟ್ಟುವ ಕೈ ನಿಂತಿತ್ತು. "ಇನ್ನೊಂದು ಸಲ ಹಾಕಪ್ಪ."