ಬಂಡೆಯ ಮೇಲಿನ ಕಳ್ಳಿ

ಸೇಲಂ ಜಿಲ್ಲೆಯಿಂದ 1965ರಲ್ಲಿ ಬೇರ್ಪಟ್ಟ ಧರ್ಮಪುರಿಯ ಸೀಮೆಯಲ್ಲಿ, ಶಿಲೋದ್ಯಾನವೊಂದನ್ನು ರಚಿಸಬೇಕೆಂಬ ಅಭಿಲಾಷೆಯುಳ್ಳವನಿಗೆ ಕಲ್ಲಿಗೂ ಬಿಸಿಲಿಗೂ ಬಡತನವಿಲ್ಲ. ಉಳಿದುದು ಗಿಡದ ಆಯ್ಕೆ. ಐರೋಪ್ಯ ಉದ್ಯಾನಪ್ರಿಯರು ಬಹುವಾಗಿ ಮೆಚ್ಚುವ, ನೀಲಿ ಬೆರೆತ ಬೂದುಬಣ್ಣದ ಎಲೆಗಳನ್ನು ಸುರುಳಿಯಾಗಿ ಹೊದ್ದು ಕಲ್ಲಿನ ಮೇಲೆ ಹರಿದಾಡುವ ನಿತ್ಯಹರಿತ ಕಳ್ಳಿಯು ದಕ್ಷಿಣ ಯೂರೋಪು, ಏಷ್ಯಾ ಮೈನರುಗಳ ಚಳಿಗೆ ಒಗ್ಗಿದುದಾದುದರಿಂದ ಅದನ್ನು ನಮ್ಮ ಬಯಲಿನ ವೈಶಾಖಕ್ಕೆ ಒಡ್ಡುವುದು ನ್ಯಾಯವಲ್ಲ. ಅದರ ಬಂಧುವೇ ಆದ, ಮಡಗಾಸ್ಕರಿನಲ್ಲಿ ಹುಟ್ಟಿ, ಮಿಲಿಯುಸ್ ಎಂಬ ಫ್ರೆಂಚ್ ಅಧಿಕಾರಿಯಿಂದ 1821ರಲ್ಲಿ ಫ್ರಾನ್ಸನ್ನು ಸೇರಿ, ಅನಂತರ ಲೋಕವನ್ನೆಲ್ಲ ಸುತ್ತಿ ಬಂದ, ನರ್ಸರಿಯವರು ಯುಫೋರ್ಬಿಯಾ ಎಂದು ಮಾರುವ ಕೆಂಪು ಹೂವಿನ ಮುಳ್ಳುಕಳ್ಳಿಯೇ ನನಗೆ ಪರಮಪ್ರಿಯವಾದುದು. ಏರ್ಕಾಡಿನ ಮಂಜಿನಲ್ಲಿ ಅರಳುವ ಸೀತಾಳೆಯ ಸೊಬಗನ್ನು ನಾನು ಅಲ್ಲಗಳೆಯೆನು. ಆದರೆ ಬೆಟ್ಟದ ತಂಪನ್ನು ಬಯಲಿಗೆ ಇಳಿಸಿ ತರುವುದಕ್ಕಿಂತ, ಬಯಲಿನ ಬಿಸಿಲನ್ನೇ ಉಂಡು ಬೆಳೆಯುವ ಗಿಡವನ್ನು ಸಾಕುವುದು ಹೆಚ್ಚು ಸಹಜವೆಂದು ನನ್ನ ದೃಢವಾದ ನಂಬುಗೆ.

ಕಲ್ಲುಗಳನ್ನು ಮೂರನೆಯ ಒಂದು ಪಾಲು ಮಣ್ಣಿನಲ್ಲಿ ಹುದುಗಿಸಿ, ಅವುಗಳ ಸಂದಿನಲ್ಲಿ ದಪ್ಪ ಮರಳು, ಇಟ್ಟಿಗೆಯ ಚೂರು, ಹಿಡಿಯಷ್ಟು ಹಳೆಯ ಗೊಬ್ಬರವನ್ನು ತುಂಬಿದ ಮೇಲೆ, ಗೇಣುದ್ದದ ಕಡ್ಡಿಯನ್ನು ಕೊಯ್ಯಬೇಕು. ಕೊಯ್ದೊಡನೆ ಗಾಯದಿಂದ ಹಾಲು ಹನಿಹನಿಯಾಗಿ ಉಕ್ಕುತ್ತದೆ. ಪಾಪಾಸುಕಳ್ಳಿಯಲ್ಲಿ ಈ ಹಾಲನ್ನು ಕಾಣಲಾರಿರಿ, ಏಕೆಂದರೆ ಅದು ಅಮೆರಿಕದ ಬೇರೊಂದು ಕುಲಕ್ಕೆ ಸೇರಿದುದು. ಕಣ್ಣಿಗೆ ತಗುಲಿದರೆ ಉರಿಯುವ ಈ ಹಾಲನ್ನು ನೀರಿನಲ್ಲಿ ತೊಳೆದು, ಕಡ್ಡಿಯನ್ನು ನೆರಳಿನಲ್ಲಿಟ್ಟು, ಕೊಯ್ದ ಬಾಯಿಯ ಮೇಲೆ ತೆಳುವಾದ ಗಟ್ಟಿ ಪೊರೆ ಮೂಡುವ ತನಕ ಕಾದು ನೆಟ್ಟರೆ, ಅದು ಕೊಳೆಯದೆ ಬೇರೂರುವುದು.

ಹೂವನ್ನು ಸಮೀಪದಿಂದ ನೋಡುವುದೇ ಒಂದು ಸುಖ. ದಳಗಳೆಂದು ನಾವು ಭ್ರಮಿಸುವ ಆ ಎರಡು ಕೆಂಪು ಹಾಳೆಗಳು ವಾಸ್ತವವಾಗಿ ಬಣ್ಣವೇರಿದ ಎಲೆಗಳು; ಅವುಗಳ ನಡುವಣ ಸಾಸುವೆಯಷ್ಟು ಕಿರಿದಾದ ಬಟ್ಟಲಿನಲ್ಲಿ, ಒಂದೇ ಒಂದು ಹೆಣ್ಣುಹೂವನ್ನು ಸುತ್ತುವರಿದು ಗಂಡುಹೂಗಳು ನಿಂತಿರುವುವು, ಅಂಚಿನಲ್ಲಿ ಮಕರಂದ ಮಿನುಗುವುದು. ಅದನ್ನರಸಿ ಇರುವೆಗಳು ಮುಳ್ಳುಗಳ ಮಧ್ಯೆ ನಿರಾತಂಕವಾಗಿ ಏರುವುದನ್ನು ನೋಡುತ್ತ ಕುಳಿತರೆ ನನಗೆ ಹೊತ್ತು ಹೋದುದೇ ತಿಳಿಯದು.

ಮಣ್ಣು ಪೂರ್ಣವಾಗಿ ಒಣಗಿದ ಮೇಲಷ್ಟೆ ನೀರು. ಬೇಸಗೆಯಲ್ಲಿ ಎಲೆಗಳು ಉದುರಿದರೂ ಹೆದರಬೇಕಾಗಿಲ್ಲ. ಅಪಾಯವಿರುವುದು ಆಶ್ವಯುಜ ಕಾರ್ತಿಕಗಳ ಹಿಂಗಾರು ಮಳೆಯಲ್ಲಿ, ಬುಡದಲ್ಲಿ ನೀರು ನಿಂತಾಗ. ನೆಟ್ಟನೆ ಮೇಲೇರುವ ಚಿಗುರುಗಳನ್ನು ಕತ್ತರಿಸುತ್ತ ಬಂದರೆ ಪಕ್ಕದ ಕೊಂಬೆಗಳು ಬಂಡೆಯನ್ನು ತಬ್ಬಿ ಹರಡುವುವು. ಹಾಗೆ ಕತ್ತರಿಸಿದವನ್ನು ನೆರೆಮನೆಯ ಅಕ್ಕಂದಿರು ಕೇಳಿ ಒಯ್ಯುತ್ತಾರೆ, ಹೇಗೆ ಒಣಗಿಸಬೇಕೆಂಬುದನ್ನೂ ಕೂಡ.