ಅಪ್ಪನ ಮೂರು ಗೇರು

ನಮ್ಮೂರಿನ ಹೈಸ್ಕೂಲು ಗುಡ್ಡದ ಮೇಲಿದೆ. ಮಕ್ಕಳ ವಿದ್ಯೆ ಎತ್ತರದಲ್ಲಿರಲಿ ಎಂದುಕೊಂಡೇ ಅಲ್ಲಿ ಕಟ್ಟಿಸಿದರೋ ಏನೋ, ಟೀಚರುಗಳ ಮಂಡಿಯ ವಿಚಾರ ಮಾತ್ರ ಯಾರಿಗೂ ಹೊಳೆದಂತಿಲ್ಲ. ಹದಿನೇಳು ವರ್ಷ ಆ ಏರನ್ನು ಸೈಕಲ್ಲಿನಲ್ಲೇ ಹತ್ತಿದ ನಾನು, ಐವತ್ತನಾಲ್ಕಕ್ಕೆ ಬಂದಾಗ ಅರ್ಧ ದಾರಿಯಲ್ಲಿ ಇಳಿದು ತಳ್ಳಿಕೊಂಡು ಹೋಗುವಂತಾಯಿತು. "ಸೈಕಲ್ ಒಳ್ಳೆಯದೇ, ಆದರೆ ಮಂಡಿಗೆ ಭಾರ ಬೀಳಬಾರದು" ಎಂದರು ಡಾಕ್ಟರು. "ಸುಮ್ಮನೆ ಒಂದು ಸ್ಕೂಟಿ ತಗೋ ಮಾರಾಯ್ತಿ" ಎಂದರು ನಮ್ಮನೆಯವರು.

ನನಗೆ ಮನಸ್ಸು ಬರಲಿಲ್ಲ. ನಾನು ಸೈಕಲ್ ಕಲಿತದ್ದೇ ಮೂವತ್ತೇಳನೆಯ ವಯಸ್ಸಿನಲ್ಲಿ. 2006-07ರಲ್ಲಿ ಸರ್ಕಾರದ ಯೋಜನೆಯಿಂದ ಎಂಟನೇ ತರಗತಿಯ ಹುಡುಗಿಯರ ಕೈಗೆ ಸೈಕಲ್ ಬಂದಾಗ, ಶಾಲೆ ಬಿಟ್ಟ ಮೇಲೆ ಮೈದಾನದಲ್ಲಿ ನನ್ನ ವಿದ್ಯಾರ್ಥಿನಿಯರೇ ಕ್ಯಾರಿಯರ್ ಹಿಡಿದುಕೊಂಡು ಓಡಿ ನನಗೆ ಕಲಿಸಿದರು. ಚಿಕ್ಕವಳಿದ್ದಾಗ ಮನೆಯಲ್ಲಿ ಸೈಕಲ್ ಇರಲಿಲ್ಲವೆಂದಲ್ಲ. ಅಪ್ಪನ ಬಳಿ ಎಸ್ಟೇಟಿನವರೊಬ್ಬರಿಂದ ಕೊಂಡ ರ‍್ಯಾಲಿ ಸೈಕಲ್ ಇತ್ತು. ಅಣ್ಣ ಅದರಲ್ಲಿ ಒಳಪೆಡಲ್ ಹೊಡೆದು ಕಲಿತ. ನನ್ನ ಪಾಲಿಗೆ ಬಂದದ್ದು ಭಾನುವಾರ ಅದನ್ನು ಎಣ್ಣೆಬಟ್ಟೆಯಲ್ಲಿ ಒರೆಸುವ ಕೆಲಸ. ಹತ್ತಲು ಹೋದರೆ "ಮುಟ್ಟಬೇಡ, ಹೆಣ್ಣುಮಕ್ಕಳಿಗೆ ಅದೆಲ್ಲ ಯಾಕೆ?" ಎಂದುಬಿಡುತ್ತಿದ್ದರು.

ಹೋದ ವರ್ಷ ಹಳೆಯ ಮನೆ ಖಾಲಿ ಮಾಡುವಾಗ ಅದು ಅಟ್ಟದಿಂದ ಇಳಿಯಿತು. ರಿಮ್ಮು ತುಕ್ಕು ತಿಂದು ತೂತಾಗಿತ್ತು, ಫ್ರೇಮ್ ಬಾಗಿತ್ತು. ಅಣ್ಣ ಗುಜರಿಯವನಿಗೆ ಹೇಳಿಕಳಿಸಿಯೂ ಆಗಿತ್ತು. ನಾನು ಸುಮ್ಮನೆ ಹಿಂದಿನ ಚಕ್ರ ತಿರುಗಿಸಿದೆ. ಟಿಕ್ ಟಿಕ್ ಟಿಕ್ ಎಂದಿತು. ಸಂಜೆ ಅಪ್ಪ ಬೀದಿಯ ತಿರುವಿಗೆ ಬಂದರೆಂದು ನಮಗೆ ತಿಳಿಯುತ್ತಿದ್ದದ್ದು ಆ ಸದ್ದಿನಿಂದಲೇ. ಕೇಳುತ್ತಲೇ ನಾವು ಪುಸ್ತಕ ಹಿಡಿದು ಕೂರುತ್ತಿದ್ದೆವು.

ಬಸ್‌ಸ್ಟ್ಯಾಂಡಿನ ಹಿಂದಿನ ಸೈಕಲ್ ಶಾಪಿನ ಸಾಬರು ಹಬ್ ಒರೆಸಿ ನೋಡಿದವರೇ ಕನ್ನಡಕ ಹಾಕಿಕೊಂಡರು. "ಟೀಚರಮ್ಮಾ, ಇದು ಸ್ಟರ್ಮಿ ಆರ್ಚರ್, ಮೂರು ಗೇರಿಂದು. ನಮ್ಮ ಅಬ್ಬಾ ಬಿಚ್ಚಿ ಕಟ್ಟುತ್ತಿದ್ದರು" ಎಂದರು. ಅದರ ಮೈಮೇಲೆ 58 ಎಂದು ಒತ್ತಿದ್ದರು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 1958ರಲ್ಲಿ ತಯಾರಾದದ್ದು. ನನಗಿಂತ ಹಿರಿಯದು. ಬಿಚ್ಚಿದಾಗ ಕಂಡ ಒಳಗಿನ ಸಂಸಾರವನ್ನು ಏನೆಂದು ಹೇಳಲಿ! ನಡುವೆ ಅಚ್ಚಿಗೆ ಅಂಟಿದ ಸೂರ್ಯ, ಸುತ್ತ ನಾಲ್ಕು ಗ್ರಹಗಳು, ಅವುಗಳ ಹೊರಗೆ ಹಲ್ಲಿನ ಬಳೆ. ಮೊದಲ ಗೇರಿನಲ್ಲಿ ಹಿಂದಿನ ಹಲ್ಲುಚಕ್ರ ನಾಲ್ಕು ಸುತ್ತು ಸುತ್ತಿದರೆ ಗಾಲಿ ಮೂರೇ ಸುತ್ತು. ಹೋಗುವುದು ನಿಧಾನ, ಕಾಲಿಗೆ ಹಗುರ. ಎರಡನೆಯದರಲ್ಲಿ ಸರಿಸಮ. ಮೂರನೆಯದರಲ್ಲಿ ಮೂರಕ್ಕೆ ನಾಲ್ಕು. ಇಷ್ಟೆಲ್ಲ ಒಂದು ಲೋಟದಷ್ಟು ಡಬ್ಬಿಯೊಳಗೆ!

ಅದನ್ನು ನನ್ನ ಲೇಡೀಸ್ ಸೈಕಲ್ಲಿಗೆ ಕೂರಿಸುವುದೆಂದಾಯಿತು. ಹಬ್ಬಿನಲ್ಲಿ 40 ತೂತು, ನನ್ನ ರಿಮ್ಮಿನಲ್ಲೂ 40. ಅಷ್ಟು ನನ್ನ ಪುಣ್ಯ. ಹಳೆಯ ಕಡ್ಡಿಗಳ ಅಳತೆ ಹೊಂದದೆ ಹೊಸದಾಗಿ ಕಟ್ಟಬೇಕಾಯಿತು. ಅಚ್ಚು ತುಸು ಉದ್ದವಿದ್ದುದರಿಂದ ಸಾಬರು ಫ್ರೇಮಿನ ಹಿಂದಿನ ಕಾಲುಗಳನ್ನು ಕೈಯಲ್ಲೇ ಚೂರು ಅಗಲಿಸಿದರು. ಒಣಗಿದ ಎಣ್ಣೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ತೆಳ್ಳಗಿನ ಎಣ್ಣೆ ಬಿಟ್ಟು, ಹ್ಯಾಂಡಲಿಗೆ ಗೇರಿನ ಹಿಡಿ ಕೂರಿಸಿ ಹೊಸ ತಂತಿ ಎಳೆದರು.

ಮೊದಲ ದಿನವೇ ಪೆಟ್ಟು ತಿಂದೆ. ಮೂರರಿಂದ ಎರಡಕ್ಕೆ ಹಾಕಿ ತುಳಿದರೆ ಪೆಡಲ್ ದಡಕ್ಕನೆ ಖಾಲಿ ತಿರುಗಿ ಮುಂಗಾಲು ತರಚಿತು. "ನೋಡು, ಸ್ಕೂಟಿ ಅಂದೆ" ಎಂದು ಇವರು ಅರಿಸಿನ ತಂದರು. ಆ ಎರಡು ಗೇರುಗಳ ನಡುವೆ ಒಂದು ಪೊಳ್ಳು ಜಾಗವಿದೆಯಂತೆ. ಹಿಡಿ ಎರಡರಲ್ಲಿರುವಾಗ ಬಲಗಡೆಯ ಉದ್ದ ನಟ್ಟಿನ ಕಿಂಡಿಯಲ್ಲಿ ಇಣುಕಿದರೆ, ಒಳಗಿನ ಕಡ್ಡಿಯ ಮೆಟ್ಟಿಲು ಅಚ್ಚಿನ ತುದಿಗೆ ಸಮನಾಗಿ ಕಾಣಬೇಕು. ತಂತಿ ಸಡಿಲವಾಗಿತ್ತು. ಸಾಬರು ತೋರಿಸಿಕೊಟ್ಟ ಮೇಲೆ ಈಗ ನಾನೇ ಬಿಗಿಮಾಡಿಕೊಳ್ಳುತ್ತೇನೆ. ಗೇರು ಬದಲಿಸುವಾಗ ತುಳಿಯುವುದನ್ನು ಒಂದು ಕ್ಷಣ ನಿಲ್ಲಿಸಬೇಕೆಂಬುದೂ ರೂಢಿಯಾಗಿದೆ.

ಈಗ ಏರಿನಲ್ಲಿ ಇಳಿಯುವುದಿಲ್ಲ. ಒಂದು ವಿಚಿತ್ರವೆಂದರೆ, ಮೊದಲ ಗೇರಿನಲ್ಲಿ ತುಳಿಯುವಾಗ ಈ ಹಬ್ ಸದ್ದೇ ಮಾಡುವುದಿಲ್ಲ. ಗುಡ್ಡ ಹತ್ತುವಷ್ಟು ಹೊತ್ತು ಅಪ್ಪ ಸುಮ್ಮನಿರುತ್ತಾರೆ. ಮೇಲೆ ಸಮತಟ್ಟಿಗೆ ಬಂದು ಎರಡಕ್ಕೆ ಹಾಕಿದೊಡನೆ ಟಿಕ್ ಟಿಕ್ ಎಂದು ಮಾತು ಶುರು.

ಮೊನ್ನೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಬಂದು, "ಮಿಸ್, ಒಂದು ರೌಂಡ್ ಹೋಗಿಬರಲಾ?" ಎಂದಳು. "ಮುಟ್ಟಬೇಡ!" ಎಂದುಬಿಟ್ಟೆ. ಆ ದನಿ ಯಾರದೆಂದು ಹೊಳೆದು ನನಗೇ ನಾಚಿಕೆಯಾಯಿತು. ಹೊರಟುಹೋಗುತ್ತಿದ್ದವಳನ್ನು ಕರೆದು ಹ್ಯಾಂಡಲ್ ಕೈಗೆ ಕೊಟ್ಟೆ.

"ಎರಡರಲ್ಲಿಟ್ಟುಕೊಂಡೇ ಹೊಡಿ," ಎಂದೆ. "ಮೂರಕ್ಕೆ ಹಾಕುವುದನ್ನು ನಾಳೆ ಕಲಿಸುತ್ತೇನೆ."