ಮಾಗಡಿ ಕೆರೆಗೆ ಬರುವ ದೂರದ ನೆಂಟರು

ಸೋದರಿಯರೇ, ಮಾಗಡಿ ಎಂದೊಡನೆ ಬೆಂಗಳೂರಿನ ಕಡೆಯ ಊರು ನೆನಪಾಯಿತೇ? ನಾನು ಹೇಳುವುದು ನಮ್ಮ ಗದಗ ಜಿಲ್ಲೆ, ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಗದಗ–ಲಕ್ಷ್ಮೇಶ್ವರ ದಾರಿಯಲ್ಲಿದೆ, ಗದಗಿನಿಂದ ಸುಮಾರು 26 ಕಿ.ಮೀ., ಶಿರಹಟ್ಟಿಯಿಂದ 8 ಕಿ.ಮೀ. ಅಷ್ಟೇ.

ಚಳಿಗಾಲದಲ್ಲಿ ಇಲ್ಲಿಯ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬೂದು ಮೈ, ಬಿಳಿ ತಲೆ, ಅದರ ಹಿಂದೆ ಕಾಡಿಗೆಯಲ್ಲಿ ಎಳೆದಂತೆ ಎರಡು ಕಪ್ಪು ಗೀರು. ಇವುಗಳ ತವರು ಟಿಬೆಟ್, ಲಡಾಖ್, ಮಂಗೋಲಿಯಾ ಕಡೆಯ ಸರೋವರಗಳು. ಅಲ್ಲಿ ನೀರು ಹೆಪ್ಪುಗಟ್ಟಿದರೆ ಮೇವೆಲ್ಲಿಂದ ಬರಬೇಕು? ಅದಕ್ಕೇ ಹಿಮಾಲಯ ದಾಟಿ ಬರುತ್ತವೆ. ಇವು 7,000 ಮೀಟರಿಗಿಂತ ಎತ್ತರ ಹಾರಿದ್ದನ್ನು ವಿಜ್ಞಾನಿಗಳು ಅಳೆದಿದ್ದಾರೆ!

ಅಷ್ಟು ದೂರದಿಂದ ಬಂದು ಇಲ್ಲಿ ತಿನ್ನುವುದೇನು ಅಂತೀರಾ? ಮೀನಲ್ಲ, ಹುಲ್ಲು, ಕಾಳು, ಹೊಲದ ಬೆಳೆ. ಕತ್ತಲಲ್ಲಿ, ನಸುಕಿನಲ್ಲಿ ಮೇಯ್ದು, ಹಗಲು ಹೊತ್ತು ಕೆರೆಯಲ್ಲಿ ವಿಶ್ರಾಂತಿ. ಅಂದರೆ ಈ ನೆಂಟರ ಊಟದ ಖರ್ಚು ನಮ್ಮ ರೈತರದು. ಕೆರೆಯೂ ನೀರಾವರಿಗೆಂದು ಜನರೇ ಕಟ್ಟಿದ್ದು. ಹಕ್ಕಿ ನೋಡಿ ಹಿಗ್ಗುವವರು ಇದನ್ನು ಮರೆಯಬಾರದು.

ಸುಮಾರು 50 ಹೆಕ್ಟೇರಿನ ಈ ಸಂರಕ್ಷಿತ ತಾಣದಲ್ಲಿ 166ಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ಗುರುತಿಸಿದ್ದಾರೆ. ಬಣ್ಣದ ಕೊಕ್ಕರೆ, ಹಾವಕ್ಕಿ, ಕರಿತಲೆಯ ಕೆಂಬರಲು, ಹೀಗೆ ಪಟ್ಟಿ ದೊಡ್ಡದು. ದಕ್ಷಿಣ ಭಾರತದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ಬಹು ದೊಡ್ಡ ತಾಣಗಳಲ್ಲಿ ಇದೂ ಒಂದು. 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಒಪ್ಪಂದದಂತೆ, ಜಗತ್ತಿಗೇ ಬೇಕಾದ ಜೌಗು ನೆಲಗಳ ಪಟ್ಟಿ ಅದು.

ಪಟ್ಟಿಗೆ ಸೇರಿದರೆ ಸಾಕೇ? ಮಳೆ ಕೈಕೊಟ್ಟು ಕೆರೆ ಬತ್ತಿದರೆ ನೆಂಟರು ಇಳಿಯುವುದೆಲ್ಲಿ? ಹೂಳು ತುಂಬದಂತೆ, ಕಸ ಸೇರದಂತೆ ಕೆರೆ ಉಳಿದರೆ ಹೊಲಕ್ಕೂ ನೀರು, ಹಕ್ಕಿಗೂ ನೆಲೆ.

ಹೋಗುವುದಾದರೆ ಡಿಸೆಂಬರ್–ಜನವರಿಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಇರಲಿ. ದುರ್ಬೀನಿದ್ದರೆ ಒಳ್ಳೆಯದು, ಇಲ್ಲದಿದ್ದರೂ ಕಣ್ಣು ತುಂಬುತ್ತದೆ. ಕಣ್ಣು ಕುಕ್ಕುವ ಬಣ್ಣದ ಸೀರೆ ಬೇಡ. ದಂಡೆಯ ಮೇಲೆ ಗದ್ದಲ, ಕಲ್ಲೆಸೆತ ಬೇಡವೇ ಬೇಡ. ಹಕ್ಕಿಗಳಿಗೆ ತಿಂಡಿ ಹಾಕಬೇಡಿ. ಕಾಗದ, ಪ್ಲಾಸ್ಟಿಕ್ ಚೀಲ ಎಲ್ಲವನ್ನೂ ಬುತ್ತಿಗಂಟಿನಲ್ಲೇ ಮನೆಗೆ ತನ್ನಿ.

ಮನೆಗೆ ಬಂದ ಅತಿಥಿ ಉಣ್ಣುವಾಗ ಯಾರಾದರೂ ಗದರುತ್ತಾರೆಯೇ? ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು, ತಾವೇ ಸುಮ್ಮನಾಗುತ್ತಾರೆ.